ಉಕ್ಕಿನೊಳಗಿನ ಚಿಟ್ಟೆ

ಗಾಳಿಯಂತ್ರದ ರೆಕ್ಕೆಗಳ ಭಾರ ಹೊರುವ ದೊಡ್ಡ ಬೇರಿಂಗ್‌ನ ರೋಲರ್‌ಗಳು ಕನ್ನಡಿಯಂತೆ ಹೊಳೆಯುತ್ತವೆ. ಲೋಹದ ದಣಿವು ಶುರುವಾಗುವುದು ಆ ಹೊಳಪಿನ ಅಡಿಯಲ್ಲಿ. ರೋಲರ್ ಉರುಳಿದಾಗಲೆಲ್ಲ ಉಕ್ಕು ಅದುಮಿಕೊಂಡು ಸಡಿಲಾಗುತ್ತದೆ. ಪದರವನ್ನು ಪದರದ ಮೇಲೆ ಜಾರಿಸುವ ಒತ್ತಡ ಮೇಲ್ಮೈಗಿಂತ ತುಸು ಕೆಳಗೇ ಹೆಚ್ಚು. ಅಲ್ಲೊಂದು ಆಕ್ಸೈಡ್ ಕಣ ಸಿಕ್ಕಿಕೊಂಡಿದ್ದರೆ ಬಿರುಕಿಗೆ ಅದೇ ತವರು.

ಆ ಜಾಗವನ್ನು ಕೊಯ್ದು, ನುಣ್ಣಗೆ ಉಜ್ಜಿ, ಆಮ್ಲ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಣದ ಇಕ್ಕೆಲದಲ್ಲೂ ಓರೆಯಾಗಿ ಚಾಚಿದ ಬಿಳಿ ರೆಕ್ಕೆಗಳು ಕಾಣುತ್ತವೆ. ಲೋಹತಜ್ಞರು ಅದನ್ನು ಕರೆಯುವುದೇ ‘ಚಿಟ್ಟೆ’ ಎಂದು. ಎಷ್ಟು ಚೆಲುವಾದ ಹೆಸರು!

ಈ ಕಾಣದ ದಣಿವಿಗೆ 1947ರಲ್ಲಿ ಲೆಕ್ಕ ಕಟ್ಟಿಕೊಟ್ಟವರು ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಅರ್ವಿಡ್ ಪಾಮ್‌ಗ್ರೆನ್. ಒಂದೇ ಬಗೆಯ ಬೇರಿಂಗ್‌ಗಳೂ ಒಂದೇ ಆಯಸ್ಸು ಪಡೆದು ಬರುವುದಿಲ್ಲ. ಆ ಅನಿಶ್ಚಯವನ್ನೇ ಅವರು ಲೆಕ್ಕದ ಬುನಾದಿ ಮಾಡಿಕೊಂಡದ್ದು ದೊಡ್ಡ ಜಾಣ್ಮೆ. ನೂರರಲ್ಲಿ 90 ಬೇರಿಂಗ್‌ಗಳು ಕೆಡದೆ ದಾಟುವಷ್ಟು ಸುತ್ತುಗಳೇ ಆಯಸ್ಸಿನ ಅಳತೆ. ಬಾಲ್ ಬೇರಿಂಗ್ ಮೇಲೆ ಹೊರೆ ಇಮ್ಮಡಿಯಾದರೆ ಆಯಸ್ಸು ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ.

ಈ ಲೆಕ್ಕವನ್ನು ಮುಂದುವರಿಸಿ, 1985ರಲ್ಲಿ ಸಂಶೋಧಕರಾದ ಅಯೋನಿಡೆಸ್ ಮತ್ತು ಹ್ಯಾರಿಸ್ ಉಕ್ಕನ್ನು ಪುಟ್ಟ ಪುಟ್ಟ ತುಣುಕುಗಳೆಂದು ಎಣಿಸಿ, ಒಂದೊಂದರ ಅಪಾಯವನ್ನೂ ಕೂಡಿಸಿದರು. ಈಗಿನ ಕಂಪ್ಯೂಟರ್ ಮಾದರಿಗಳು ಉಕ್ಕಿನ ಹರಳುಗಳ ಅಂಚುಗಳನ್ನೂ ಬಿಡಿಸಿಟ್ಟು, ಬಿರುಕು ಯಾವ ಸಂದಿಯಲ್ಲಿ ನುಸುಳಿ ಮೇಲೇರುತ್ತದೆ, ಎಲ್ಲಿ ಚಕ್ಕೆ ಏಳುತ್ತದೆ ಎಂದು ಅದರ ಬೆನ್ನು ಹತ್ತುತ್ತವೆ.