ಓನರ್ ಕರೆದಾಗ ‘ಆಗಲ್ಲ’ ಎನ್ನುವ ಸ್ವಾತಂತ್ರ್ಯ

ದೊಡ್ಡ ಕಂಪನಿಯ ನೌಕರರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯುವುದನ್ನೋ, ಕೆರೆ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುವುದನ್ನೋ ಬೆಂಗಳೂರಿನವರು ನೋಡಿಯೇ ಇರುತ್ತಾರೆ. ಹತ್ತು ಹದಿನೈದು ಜನರ ವರ್ಕ್‌ಶಾಪು, ಬೇಕರಿ, ಪ್ರಿಂಟಿಂಗ್ ಪ್ರೆಸ್ಸುಗಳೂ ತಮ್ಮ ನೌಕರರನ್ನು ಸ್ವಯಂಸೇವೆಗೆ ಕಳಿಸಬೇಕೆ? ಕಳಿಸಬೇಕು, ಅದರಿಂದ ಅವಕ್ಕೆ ಲಾಭವಿದೆ ಎಂದೇ ನಾನು ನಂಬಿದ್ದೇನೆ. ಆದರೆ ದೊಡ್ಡವರ ಮಾದರಿಯನ್ನು ಹಾಗೆಯೇ ಎತ್ತಿಕೊಂಡರೆ ಲಾಭ ಹೋಗಲಿ, ಇರುವ ವಿಶ್ವಾಸವೂ ಕೆಡುತ್ತದೆ.

ದೊಡ್ಡವರಿಗೆ ಕಾನೂನಿನ ಒತ್ತಾಯವಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನಮ್ಮ ಬಹುಪಾಲು ಸಣ್ಣ ಉದ್ದಿಮೆಗಳು ಆ ಲೆಕ್ಕಕ್ಕೇ ಬರುವುದಿಲ್ಲ. ಕಾನೂನಿಲ್ಲದೆಯೂ ಅವು ಕೊಡುತ್ತಲೇ ಬಂದಿವೆ. ಬೇಸಿಗೆಯಲ್ಲಿ ಅಂಗಡಿ ಮುಂದೆ ಅರವಟ್ಟಿಗೆ ಇಡುವುದು, ಜಾತ್ರೆಯ ಅನ್ನಸಂತರ್ಪಣೆಗೆ ಅಕ್ಕಿ ಮೂಟೆ ಕೊಡುವುದು ನಮ್ಮ ವರ್ತಕರಿಗೆ ಹೊಸದಲ್ಲ. ಅಲ್ಲಿ ಹಣವೂ ಹೆಸರೂ ಯಜಮಾನರದ್ದು; ಬೆಳಿಗ್ಗೆ ಎದ್ದು ಗಡಿಗೆಗೆ ನೀರು ತುಂಬುವ ಅಂಗಡಿ ಹುಡುಗನನ್ನು ಯಾರೂ ಕೇಳುವುದಿಲ್ಲ. ನೌಕರರ ಸ್ವಯಂಸೇವೆ ಎಂಬುದು ನಿಜವಾಗಬೇಕಾದರೆ ಆ ಹುಡುಗನ ಕಡೆಯಿಂದ ನೋಡಬೇಕು.

ಅವನಿಗೆ ಏನು ಸಿಗುತ್ತದೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿ ಇತ್ತು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಬೇತಿ ಮುಂತಾದವನ್ನು ಪಡೆದವರಿಗೂ ಪಡೆಯದವರಿಗೂ ನೆಮ್ಮದಿಯಲ್ಲಿ ಹೆಚ್ಚು ಅಂತರ ಕಾಣಲಿಲ್ಲ. ಸ್ವಲ್ಪ ಒಳಿತು ಕಂಡದ್ದು ಸ್ವಯಂಸೇವೆಯಲ್ಲಿ. ಇದನ್ನು ಹಿಡಿದುಕೊಂಡು ಕುಣಿಯುವ ಹಾಗಿಲ್ಲ: ಒಂದೇ ಕಾಲಘಟ್ಟದ ಹೋಲಿಕೆ ಅದು, ಮೊದಲೇ ಗೆಲುವಾಗಿರುವವರೇ ಸೇವೆಗೆ ಮುಂದೆ ಬಂದಿರಬಹುದು. ಬ್ರಿಟನ್ನಿನ ಕಚೇರಿಯ ಮಾತು ಪೀಣ್ಯದ ಶೆಡ್ಡಿಗೆ ಪೂರ್ತಿ ಒಪ್ಪುವುದೂ ಇಲ್ಲ. ಆದರೂ ಆ್ಯಪಿಗೆ ದುಡ್ಡು ಸುರಿಯುವ ಮೊದಲು ಯೋಚಿಸುವಂತೆ ಮಾಡುತ್ತದೆ.

ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ ಮಾಡುವ ಹದಿನೈದು ಜನರ ಘಟಕವೊಂದಿದೆ ಎಂದುಕೊಳ್ಳಿ. ಇವರು ಶಾಲೆಯ ಗೋಡೆಗೆ ಬಣ್ಣ ಹೊಡೆದರೆ ಸುಮಾರಾಗಿ ಹೊಡೆದಾರು. ಮುಂದಿನ ವರ್ಷ ಇನ್ನೊಂದು ಕಂಪನಿ ಬಂದು ಅದೇ ಗೋಡೆಗೆ ಬೇರೆ ಬಣ್ಣ ಹೊಡೆದೀತು. ಅದೇ ಶಾಲೆಯ ವೈರಿಂಗ್ ನೋಡಲು ಇವರನ್ನು ಕರೆಯಿರಿ. ಕಂಪ್ಯೂಟರ್ ಕೋಣೆಯ ತ್ರೀ-ಪಿನ್ ಸಾಕೆಟ್ ಬಿಚ್ಚಿದರೆ ಒಳಗೆ ಅರ್ಥ್ ತಂತಿಯೇ ಇಲ್ಲ, ಫ್ಯೂಸ್ ಸುಟ್ಟಾಗಲೆಲ್ಲ ಯಾರೋ ದಪ್ಪ ತಾಮ್ರದ ತಂತಿ ಕಟ್ಟಿ ಹೋಗಿದ್ದಾರೆ, ಬಿಸಿಯೂಟದ ಕೋಣೆಯ ಸ್ವಿಚ್ಚಿನ ಹಿಂದೆ ಗೋಡೆ ಒದ್ದೆ. ಬಣ್ಣ ಬಳಿಯಲು ಬಂದವರಿಗೆ ಇದು ಕಾಣುವುದಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರು ಜೊತೆಗಿದ್ದು, ಶಾಲೆಯ ಒಪ್ಪಿಗೆ ಪಡೆದು ಮಾಡಿದರೆ ಎರಡು ಮಧ್ಯಾಹ್ನದ ಕೆಲಸ. ಉದ್ದಿಮೆಗೆ ಸಿಗುವ ಲಾಭವೂ ಅಲ್ಲೇ ಇದೆ. ಅರ್ಥಿಂಗ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಹೆಡ್‌ಮಾಸ್ತರಿಗೆ ಬಿಡಿಸಿ ಹೇಳುವ ಹೆಲ್ಪರ್ ಹುಡುಗ, ನಾಳೆ ಗಿರಾಕಿಯ ಸೈಟಿಗೆ ಹೋಗಿ ಮಾತಾಡಬಲ್ಲ ಎಂಬುದು ಸೂಪರ್‌ವೈಸರಿಗೆ ತಿಳಿಯುತ್ತದೆ. ಇಡೀ ದಿನ ತಂತಿಯ ತುದಿಗೆ ಒಂದೇ ಬಗೆಯ ಲಗ್ ಕ್ರಿಂಪ್ ಮಾಡುವವನಿಗೆ ತನ್ನ ಕೈಗೆಲಸ ಎಲ್ಲಿಗೆ ಮುಟ್ಟುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರು ಸುತ್ತಮುತ್ತಲಿನ ಕಾರ್ಖಾನೆಗಳವರೇ. ಒಳ್ಳೆಯ ಕಡೆ ಕೆಲಸ ಖಾಲಿ ಇದೆ ಎಂಬ ಮಾತು ಅವರ ಬಾಯಿಂದ ಹರಡಿದಷ್ಟು ಬೇಗ ಜಾಹೀರಾತಿನಿಂದ ಹರಡದು.

ಇಷ್ಟೆಲ್ಲ ಕೆಡುವುದು ಒಂದೇ ಕಾರಣಕ್ಕೆ. ‘ಭಾನುವಾರ ಎಲ್ಲರೂ ಬರ್ಬೇಕು’ ಎಂದು ಓನರ್ ಹೇಳಿದರೆ ಐದು ಸಾವಿರ ಜನರ ಕಂಪನಿಯಲ್ಲಿ ತಪ್ಪಿಸಿಕೊಳ್ಳಬಹುದು. ಹದಿನೈದು ಜನರಲ್ಲಿ ಯಾರು ಬಂದಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಆರು ದಿನ ದುಡಿದು ಏಳನೆಯ ದಿನ ಬಟ್ಟೆ ಒಗೆದು, ರೇಷನ್ ತಂದು, ವಾರದ ಅಡುಗೆಗೆ ಅಣಿ ಮಾಡಿಕೊಳ್ಳುವ ಹೆಣ್ಣುಮಗಳಿಗೆ ಆ ಕರೆ ಬಿಟ್ಟಿ ದುಡಿಮೆಯಲ್ಲದೆ ಬೇರೇನೂ ಅಲ್ಲ. ರಕ್ತದಾನ ಶಿಬಿರದಲ್ಲಂತೂ ಈ ಒತ್ತಾಯ ಅಪಾಯಕಾರಿ. ರಕ್ತ ಕೊಡುವವರ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಇರಬೇಕು, ಎರಡು ದಾನಗಳ ನಡುವೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರವಿರಬೇಕು. ಅದಕ್ಕೂ ಮಿಗಿಲಾಗಿ ತನ್ನ ಕಾಯಿಲೆಯನ್ನು, ಖಾಸಗಿ ಬದುಕನ್ನು ಕುರಿತ ಪ್ರಶ್ನೆಗಳಿಗೆ ದಾನಿ ನಿಜ ಹೇಳಬೇಕು. ಓನರ್ ಬಾಗಿಲಲ್ಲೇ ನಿಂತು ಯಾರು ಯಾರು ಕೊಟ್ಟರು ಎಂದು ಎಣಿಸುತ್ತಿದ್ದರೆ, ಹಿಂದೆ ಸರಿಯಬೇಕಾದವನೂ ಸರಿಯುವುದಿಲ್ಲ. ಅದರಿಂದ ಕೆಡುಕು ಅವನೊಬ್ಬನಿಗೇ ಅಲ್ಲ, ಆ ರಕ್ತ ಪಡೆಯುವ ರೋಗಿಗೂ.

ಆದ್ದರಿಂದ ಸಂಬಳದ ಹೊತ್ತಿನಲ್ಲೇ ಕಳಿಸಬೇಕು, ಓಟಿ ಕತ್ತರಿಸಬಾರದು, ಬರುವುದಿಲ್ಲ ಎಂದವರನ್ನು ಕಾರಣ ಕೇಳಬಾರದು. ‘ಅಷ್ಟು ಹೊತ್ತು ಕೊಟ್ಟರೆ ಡಿಸ್ಪ್ಯಾಚ್ ನಿಂತುಹೋಗುತ್ತದೆ’ ಎಂಬ ಆತಂಕ ಸುಳ್ಳಲ್ಲ. ಲೆಕ್ಕ ಹಾಕಿ ನೋಡೋಣ. ಹದಿನೈದು ಜನ ತಿಂಗಳಿಗೆ ತಲಾ ಎರಡು ಗಂಟೆ ಕೊಟ್ಟರೆ ಮೂವತ್ತು ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಇಪ್ಪತ್ತಾರು ದಿನ ನಡೆಯುವ ಘಟಕದ ಒಟ್ಟು ದುಡಿಮೆ 3,120 ಗಂಟೆ. ಕೊಟ್ಟದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ತೊಡಕಿರುವುದು ಎಲ್ಲರನ್ನೂ ಒಂದೇ ದಿನ ಬಸ್ಸಿಗೆ ಹತ್ತಿಸಿ, ಬ್ಯಾನರ್ ಹಿಡಿಸಿ ಫೋಟೊ ತೆಗೆಸುವ ಪದ್ಧತಿಯಲ್ಲಿ; ದೊಡ್ಡ ಕಂಪನಿಗಳಿಂದ ನಾವು ಕಲಿತದ್ದೂ ಅದನ್ನೇ. ಇಬ್ಬಿಬ್ಬರಾಗಿ, ತಿಂಗಳ ಮೊದಲ ವಾರದಲ್ಲಿ, ಆರ್ಡರಿನ ಗಡಿಬಿಡಿ ಶುರುವಾಗುವ ಮುಂಚೆ ಹೋಗಿಬಂದರೆ ಯಾವ ಮಷೀನೂ ಇಡೀ ದಿನ ಖಾಲಿ ನಿಲ್ಲುವುದಿಲ್ಲ.