ಕಂತಿನ ದಿನಕ್ಕೆ ಸಿಗದ ಬುದ್ಧಿಮಾತು

ಸಾಲದ ಬಗ್ಗೆ ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಯಾವತ್ತೂ ಬರ ಬಂದಿಲ್ಲ. ಬ್ಯಾಂಕಿನ ಗೋಡೆ ಮೇಲೆ ಪೋಸ್ಟರು, ಪಂಚಾಯಿತಿ ಕಟ್ಟಡದಲ್ಲಿ ಶಿಬಿರ, ಯೂಟ್ಯೂಬಿನಲ್ಲಿ ಕೋಟು ಹಾಕಿಕೊಂಡ ಹುಡುಗರು. ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ: ಖರ್ಚು ಬರೆದಿಡಿ, ಉಳಿಸಿ, ಅಗತ್ಯ ಇದ್ದರಷ್ಟೇ ಸಾಲ ಮಾಡಿ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ತಿಂಗಳ ಕೊನೆಗೆ ತಪ್ಪದೆ ಸಂಬಳ ಬೀಳುವ ನನ್ನಂಥವನಿಗೆ ಇದೆಲ್ಲ ಸರಿಯಾದ ಮಾತೇ. ಆದರೆ ಈ ಪೋಸ್ಟರು ನನಗಾಗಿ ಅಂಟಿಸಿದ್ದಲ್ಲ, ನಮ್ಮೂರಿನ ಹೆಂಗಸರಿಗಾಗಿ ಅಂಟಿಸಿದ್ದು. ಕಥೆ ಕವನಕ್ಕೆ ವಿಮರ್ಶೆ ಬರೆಯುತ್ತೇವೆ. ಊರೂರಿನ ಗೋಡೆ ಮೇಲಿರುವ ಈ ಕನ್ನಡ ಗದ್ಯಕ್ಕೆ ಯಾಕೆ ಯಾರೂ ಬರೆಯಲ್ಲ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ.

2025ರ ಫೆಬ್ರುವರಿಯನ್ನು ನೆನಪಿಸಿಕೊಳ್ಳಿ. ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ, ಸಾವಿನ ಸುದ್ದಿ ಜನವರಿಯಿಂದಲೇ ಬರುತ್ತಿತ್ತು. ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸುವ ಚಳವಳಿ ಶುರು ಮಾಡಿದ್ದರು. ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸು ಕಳಿಸಿ, ಆಮೇಲೆ ಫೆಬ್ರುವರಿ 12ಕ್ಕೆ ಒಪ್ಪಿದರು. ಅದಾಗಿ ಹನ್ನೆರಡು ದಿನಕ್ಕೆ, 24ನೇ ತಾರೀಖು, ರಿಸರ್ವ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಸಪ್ತಾಹ ಶುರುವಾಯಿತು. ಆ ವರ್ಷದ ವಿಷಯ 'ಮಹಿಳೆಯರ ಸಮೃದ್ಧಿ'! ದೇಶಕ್ಕೆಲ್ಲ ಸೇರಿಸಿ ಇಟ್ಟ ವಿಷಯ, ಕರ್ನಾಟಕವನ್ನು ಅಣಕಿಸಲು ಇಟ್ಟದ್ದಲ್ಲ, ಒಪ್ಪುತ್ತೇನೆ. ಆದರೂ ಎರಡೂ ಪ್ರಚಾರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಯಾರಿಗೆ ಮಾತಾಡಲು ಬರುತ್ತದೆ ಅನ್ನುವುದು ಗೊತ್ತಾಗುತ್ತದೆ. ನಮ್ಮ ಕಡೆ ಗಿರವಿ ಅಂಗಡಿಗೆ ಹೋಗುವ ಕಟ್ಟಕಡೆಯ ಬಂಗಾರ ತಾಳಿ. ಅದನ್ನು ಲಕೋಟೆಗೆ ಹಾಕಿ ಮುಖ್ಯಮಂತ್ರಿಯ ವಿಳಾಸ ಬರೆದರೆ ಮನೆಯ ಲೆಕ್ಕವೆಲ್ಲ ಅದರೊಳಗೇ ಬಂತು.

ಬುದ್ಧಿ ಹೇಳುವವರು ಸರ್ವಜ್ಞನನ್ನೂ ಬಿಡುವುದಿಲ್ಲ. ಸಾಲದ ಮೇಲಿನ ಅವನ ತ್ರಿಪದಿ ಇಲ್ಲದೆ ಶಿಬಿರದ ಭಾಷಣ ಮುಗಿಯುವುದು ಕಷ್ಟ. ಅದನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಸಾಲ ಮಾಡಬೇಡ ಅನ್ನುವ ಮಾತೇ ಅದರಲ್ಲಿ ಇಲ್ಲ. ತಗೊಳ್ಳುವಾಗಿನ ಸುಖ ಒಂದು ಸಾಲಿನಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ಕೊಟ್ಟವನು ಬಂದು ನಿಂತಾಗ ಮೈಗೆ ಆಗುವ ನೋವು, ಕೀಲು ಮೂಳೆಯ ನೋವು. ಸರ್ವಜ್ಞ ಬರೆದದ್ದು ವಸೂಲಿಯ ದಿನದ ಬಗ್ಗೆ. ನಮ್ಮ ಭಾಷಣಕಾರರು ಅದನ್ನು ಸಾಲ ಎತ್ತುವ ದಿನಕ್ಕೆ ತಿರುಗಿಸಿಕೊಂಡಿದ್ದಾರೆ.

ಪೋಸ್ಟರುಗಳ ಮೇಲೆ ನನ್ನ ಮುಖ್ಯ ದೂರೂ ಇದೇ. ಅವೆಲ್ಲ ಸಾಲಕ್ಕೆ ಮುಂಚಿನ ಮಾತು. ಸಾಲ ಆಗಿಹೋಗಿದೆ, ನಾಳೆ ಬೆಳಿಗ್ಗೆ ಕಂತು, ಕೈಯಲ್ಲಿ ಕಾಸಿಲ್ಲ ಅನ್ನುವವಳಿಗೆ ಅಲ್ಲಿ ಒಂದು ಸಾಲೂ ಸಿಗುವುದಿಲ್ಲ. ಇನ್ನೊಂದು, ಪೋಸ್ಟರಿನ 'ನೀವು' ಯಾವಾಗಲೂ ಒಬ್ಬಳೇ. ಸಂಘದ ಸಾಲದಲ್ಲಿ ಒಬ್ಬಳು ಅನ್ನುವವಳು ಎಲ್ಲಿದ್ದಾಳೆ ಹೇಳಿ? ನಮ್ಮ ಚಿಕ್ಕಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಾನೊಬ್ಳು ಕಟ್ಲಿಲ್ಲ ಅಂದ್ರೆ ಮಿಕ್ಕೋರ್ಯಾರೂ ಎದ್ದು ಮನೆಗೆ ಹೋಗಂಗಿಲ್ಲ ಕಣಪ್ಪ. ಫೈನಾನ್ಸ್‌ನೋನು ಒಂದು ಮಾತೂ ಬೈಯಲ್ಲ, ಚಾಪೆ ಮೇಲೆ ಸುಮ್ನೆ ಕೂತಿರ್ತಾನೆ. ಬೈಯೋದೆಲ್ಲ ನಮ್ಮೋರೇ." ಗುಂಪು ಹೊಣೆ ಅಂದರೆ ಇದು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಲ್ಲಿ ಎತ್ತುವುದು ಪೋಸ್ಟರಿನ ಕಣ್ಣಿಗೆ ದಡ್ಡತನ. ಆ ಚಾಪೆ ಮೇಲೆ ಕೂತವಳಿಗೆ ಅದು ಅಕ್ಕಪಕ್ಕದ ಮನೆಯವರ ಮುಂದೆ ಮರ್ಯಾದೆ ಉಳಿಸಿಕೊಳ್ಳುವ ಒಂದೇ ದಾರಿ.

ತಮಾಷೆ ಏನಂದರೆ, ಅವಳಿಗೆ ನಿಜವಾಗಿ ಬೇಕಾದ ಮಾಹಿತಿ ರಿಸರ್ವ್ ಬ್ಯಾಂಕಿನ ಹತ್ತಿರವೇ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೈಕ್ರೋಫೈನಾನ್ಸ್ ನಿಯಮಗಳನ್ನು ನೋಡಿ. ಮನೆಯವರೆಲ್ಲರ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಸಾಲದ ಕಾರ್ಡು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು, ಎರಡು ಸಲ ಬೆನ್ನುಬೆನ್ನಿಗೆ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೆದರಿಸುವ ಮಾತು, ನೆಂಟರಿಷ್ಟರಿಗೆ ಕಾಟ, ಹೆಸರು ಬಹಿರಂಗ ಮಾಡುವುದು, ಯಾವುದೂ ಕೂಡದು. (ಇದೇ ನಿಯಮ ಬಡ್ಡಿಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು, ಅದನ್ನೂ ಹೇಳಿಬಿಡಬೇಕು.) ಇಷ್ಟು ಬರೆಯಲು ಒಂದು ಪೋಸ್ಟರು ಸಾಕು. ನಾನು ನೋಡಿದ ಒಂದು ಗೋಡೆ ಮೇಲೂ ಇದಿಲ್ಲ. ಉಳಿತಾಯದ ಹುಂಡಿಯ ಚಿತ್ರ ಮಾತ್ರ ಎಲ್ಲ ಕಡೆ ಇದೆ.

ಇನ್ನು ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ, ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಯೋಜನೆ. ಇದರ ಬಗ್ಗೆ ಸಿಗುವ ಸಲಹೆ ಪೂರ್ತಿ ಅರ್ಜಿಯದ್ದು: ಆಧಾರ್ ಜೋಡಿಸಿ, ಇ-ಕೆವೈಸಿ ಮಾಡಿಸಿ, ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಿ. ದುಡ್ಡು ಬಂದರೆ ಎರಡು ಮೂರು ತಿಂಗಳದ್ದು ಒಟ್ಟಿಗೆ, ಇಲ್ಲದಿದ್ದರೆ ಇಲ್ಲ. ಕಂತು ಮಾತ್ರ ವಾರ ವಾರ. ಈ ಎರಡು ಕ್ಯಾಲೆಂಡರುಗಳ ನಡುವಿನ ಸಂದಿಯಲ್ಲೇ ಕೈಸಾಲ, ಮೀಟರ್ ಬಡ್ಡಿ ಎಲ್ಲ ನುಗ್ಗುವುದು. ಆ ಸಂದಿಯ ಬಗ್ಗೆ ಮಾತಾಡುವುದು ಯಾವ ಇಲಾಖೆಯ ಕೆಲಸವೂ ಅಲ್ಲ.

ಮನಸ್ಸಿಗೆ ಇನ್ನೊಂದು ಕಿಟಕಿ. 2022ರ ಅಕ್ಟೋಬರಿನಲ್ಲಿ ಬಂದ ಟೆಲಿ ಮಾನಸ್, ನಂಬರು 14416. ನಿಮ್ಹಾನ್ಸ್ ಅದರ ಮೇಲಿನ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ನಿದ್ದೆ ಬರದೆ ಇರಲು ಕಾರಣ ನಾಳೆಯ ಕಂತು ಅಂತ ಅವಳು ಹೇಳಿದರೆ, ಆ ಕಡೆ ಇರುವವರಿಗೆ ಕಂತನ್ನು ನಿಲ್ಲಿಸುವ ಅಧಿಕಾರ ಇಲ್ಲ. ನಮ್ಮ ಆಫೀಸಿನಲ್ಲೂ ಇಂಥದ್ದು ನಡೆಯುತ್ತದೆ. ಮೂರು ಟೀಮಿಗೆ ಸೇರಿದ ಒಂದು ಬಗ್ ಬಂದರೆ, ಮೂವರೂ 'ನಮ್ಮ ಮಾಡ್ಯೂಲ್ ಸರಿಯಾಗೇ ಇದೆ' ಅಂತ ಬರೆದು ಟಿಕೆಟ್ ಮುಚ್ಚುತ್ತಾರೆ. ಮೂವರೂ ಸುಳ್ಳು ಹೇಳಿರಲ್ಲ. ಬಗ್ ಹಾಗೇ ಇರುತ್ತದೆ.

ಸಾಲ ಮತ್ತು ಮನಸ್ಸು, ಈ ಎರಡನ್ನು ಕಾನೂನಿನಲ್ಲೇ ಒಂದು ಮಾಡಿದ ಉದಾಹರಣೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿದೆ. 2021ರ ಮೇ 4ರಿಂದ ಅಲ್ಲಿ 'ಬ್ರೀದಿಂಗ್ ಸ್ಪೇಸ್' ಅನ್ನುವ ವ್ಯವಸ್ಥೆ ಇದೆ. ಸಾಲದಲ್ಲಿ ಸಿಕ್ಕಿಕೊಂಡವರಿಗೆ 60 ದಿನ ವಸೂಲಿಯಿಂದ ಬಿಡುವು, ಹೆಚ್ಚಿನ ಸಾಲಗಳಿಗೆ ಬಡ್ಡಿಯೂ ಏರುವುದಿಲ್ಲ. ಮಾನಸಿಕವಾಗಿ ತೀರಾ ಕುಸಿದು ಚಿಕಿತ್ಸೆಯಲ್ಲಿ ಇರುವವರಿಗೆ, ತಜ್ಞರು ದೃಢೀಕರಿಸಿದರೆ, ಚಿಕಿತ್ಸೆ ನಡೆಯುವಷ್ಟು ದಿನ ಮತ್ತು ಮೇಲೆ 30 ದಿನ. ಮಾರ್ಟಿನ್ ಲೂಯಿಸ್ ಅನ್ನುವ ಹಣಕಾಸು ಪತ್ರಕರ್ತ 2016ರಲ್ಲಿ ಕಟ್ಟಿದ ಒಂದು ಸಂಸ್ಥೆ ಈ ಎರಡನೇ ಭಾಗಕ್ಕಾಗಿ ಹಟ ಹಿಡಿದು ಪ್ರಚಾರ ಮಾಡಿತ್ತು. ಸಾಲ ಮನ್ನಾ ಆಗುವುದಿಲ್ಲ, ಬಿಡುವು ಮುಗಿದ ಮೇಲೆ ಮತ್ತೆ ಕಟ್ಟಲೇಬೇಕು. ಆದರೂ ಮನಸ್ಸು ಕೆಟ್ಟಿದೆ ಅಂತ ತಜ್ಞರು ಬರೆದುಕೊಟ್ಟ ಕಾಗದಕ್ಕೆ ಸಾಲಗಾರನ ಬಾಗಿಲಲ್ಲಿ ಬೆಲೆ ಇದೆ.

ನಮ್ಮ ಕಾನೂನು ಬೇರೆ ಜಾತಿಯದ್ದು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕೇಳಲು ಗಟ್ಟಿಯಾಗಿದೆ. ಅದು ಕೆಲಸ ಮಾಡಬೇಕಾದರೆ ಅವಳು ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕು, ಹತ್ತಿದ ಮೇಲೆ ಅದೇ ಸಂಘದ ಚಾಪೆ ಮೇಲೆ ಹೋಗಿ ಕೂರಬೇಕು. ಸಾಲವೇ ರದ್ದಾಯಿತು ಅಂತ ಹಲವರು ತಿಳಿದುಕೊಂಡರು. ರದ್ದು ಮಾಡಿದ್ದು ನೋಂದಣಿ, ಲೈಸೆನ್ಸ್ ಇಲ್ಲದವರ ಸಾಲವನ್ನು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳ ಸಾಲ ಹಾಗೇ ಇದೆ. ಈ ವ್ಯತ್ಯಾಸವನ್ನು ಊರೂರಿಗೆ ಹೋಗಿ ಬಿಡಿಸಿ ಹೇಳಬೇಕಾದವರು ಆ ತಿಂಗಳು ಸಮೃದ್ಧಿಯ ಬಗ್ಗೆ ಮಾತಾಡುತ್ತಿದ್ದರು.

ಮುಂದಿನ ಫೆಬ್ರುವರಿಗೆ ಪೋಸ್ಟರು ಬರೆಯುವವರು ಹುಂಡಿಯ ಚಿತ್ರ ಇರುವ ಜಾಗವನ್ನು ಖಾಲಿ ಮಾಡಲಿ. ಅಲ್ಲಿ 9ರಿಂದ 6 ಅಂತ ಬರೆಯಲಿ, ಎರಡು ಸಲ ಅಂತ ಬರೆಯಲಿ, ಆದಾಯದ ಅರ್ಧ ಅಂತ ಬರೆಯಲಿ. ಕೆಳಗೆ ರಿಸರ್ವ್ ಬ್ಯಾಂಕಿನ ದೂರಿನ ಸಹಾಯವಾಣಿ 14448, ಪಕ್ಕದಲ್ಲೇ 14416. ಅಕ್ಷರ ಸ್ವಲ್ಪ ದಪ್ಪ ಇರಲಿ. ನಮ್ಮ ಚಿಕ್ಕಮ್ಮ ಇನ್ನೂ ಕನ್ನಡಕ ಮಾಡಿಸಿಲ್ಲ.