ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ (1150) ನನಗೆ ತೀರಾ ಇಷ್ಟವಾದದ್ದು ಕಡೆಯಲ್ಲಿ ಬರುವ ಅಂಕಪಾಶ ಪ್ರಕರಣ. ಅಲ್ಲೊಂದು ಲೆಕ್ಕವಿದೆ: 2, 2, 1, 1 ಈ ನಾಲ್ಕು ಅಂಕಿಗಳನ್ನು ಹಿಂದುಮುಂದು ಮಾಡಿ ಎಷ್ಟು ಸಂಖ್ಯೆ ಬರೆಯಬಹುದು? ಅವುಗಳ ಮೊತ್ತವೆಷ್ಟು?

ಶಾಲೆಯಲ್ಲಿ ಕಲಿತ ಗಣದ ನಿಯಮ ಹಿಡಿದು ಹೊರಟರೆ ಈ ಲೆಕ್ಕ ಶುರುವಾಗುವ ಮೊದಲೇ ಕೆಡುತ್ತದೆ. ಗಣದಲ್ಲಿ ಒಂದು ಅಂಕಿ ಇದೆಯೋ ಇಲ್ಲವೋ ಅಷ್ಟೇ ಮುಖ್ಯ, ಎಷ್ಟು ಸಲ ಇದೆ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಸಲ ಎಂಬುದನ್ನೂ ಉಳಿಸಿಕೊಳ್ಳುವ ಸಂಗ್ರಹವೇ ಮಲ್ಟಿಸೆಟ್. ಆ ಹೆಸರನ್ನು 1970ರ ದಶಕದಲ್ಲಿ ಕೊಟ್ಟವರು ಡಚ್ ಗಣಿತಜ್ಞ ಡೆ ಬ್ರೌನ್. ವಿಚಾರ ಮಾತ್ರ ಬಹಳ ಹಳೆಯದು.

ಭಾಸ್ಕರರ ದಾರಿ ನೋಡಿ. ನಾಲ್ಕೂ ಬೇರೆ ಬೇರೆ ಅಂಕಿಗಳಾಗಿದ್ದರೆ 24 ಜೋಡಣೆ. ಆದರೆ ಎರಡು 2ಗಳು ತಮ್ಮತಮ್ಮಲ್ಲೇ ಜಾಗ ಬದಲಿಸಿಕೊಂಡರೆ ಸಂಖ್ಯೆ ಬದಲಾಗದು, ಆದ್ದರಿಂದ 2ರಿಂದ ಭಾಗಿಸಬೇಕು. 1ಗಳಿಗಾಗಿ ಇನ್ನೊಮ್ಮೆ. ಉಳಿದದ್ದು ಆರು: 2211, 2121, 2112, 1221, 1212, 1122. ಈಗ ಇವನ್ನು ಒಂದರ ಕೆಳಗೊಂದು ಬರೆದು, ಬಿಡಿ ಸ್ಥಾನವನ್ನಷ್ಟೇ ಮೇಲಿನಿಂದ ಕೆಳಗೆ ಓದಿ. 1 ಮೂರು ಸಲ, 2 ಮೂರು ಸಲ, ಕೂಡಿದರೆ 9. ಹತ್ತು, ನೂರು, ಸಾವಿರದ ಸ್ಥಾನಗಳಲ್ಲೂ ಅಷ್ಟೇ. ಮೊತ್ತ 9999! ಎಷ್ಟು ಸಲ ನೋಡಿದರೂ ಇದರ ಚೆಲುವು ನನಗೆ ಹಳತಾಗಿಲ್ಲ.

ನಮ್ಮ ಮಳಖೇಡದ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಆರು ರಸಗಳನ್ನು ಬೆರೆಸುವ ಬಗೆಗಳನ್ನು ಎಣಿಸಿದ್ದಾರೆ. ಒಂದು ರಸ ಒಂದೇ ಸಲ ಎಂದಾದರೆ, ಮೂರು ಮೂರು ಆರಿಸಲು 20 ದಾರಿ. ಅದೇ ರಸವನ್ನು ಮತ್ತೆ ತೆಗೆದುಕೊಳ್ಳಬಹುದು ಎಂದರೆ 56!

ಮಲ್ಟಿಸೆಟ್ಟಿನ ನಿಜವಾದ ಮನೆ ಅವಿಭಾಜ್ಯ ಅಪವರ್ತನಗಳು. 12 ಎಂದರೆ 2, 2, 3. 18 ಎಂದರೆ 2, 3, 3. ಗಣವಾಗಿ ನೋಡಿದರೆ ಎರಡೂ ಒಂದೇ. ಬೇರೆ ಮಾಡುವುದು ಪುನರಾವರ್ತನೆ ಮಾತ್ರ. ಪ್ರತಿ ಅಪವರ್ತನದ ಕಡಿಮೆ ಸಲವನ್ನು ಆರಿಸಿದರೆ ಮ.ಸಾ.ಅ. 6, ಹೆಚ್ಚಿನದನ್ನು ಆರಿಸಿದರೆ ಲ.ಸಾ.ಅ. 36. ಮಕ್ಕಳಿಗೆ ಇದನ್ನು ಹೀಗೇ ಹೇಳಿಕೊಡಿ ಎಂದು ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ.

ಓದುಗರಿಗೆ ಲೀಲಾವತಿಯದೇ ಇನ್ನೊಂದು ಲೆಕ್ಕ: 4, 8, 5, 5, 5. ಉತ್ತರ 20 ಸಂಖ್ಯೆಗಳು, ಮೊತ್ತ 11,99,988. ಇಪ್ಪತ್ತನ್ನೂ ಬರೆದು ಕೂಡದೆ ಆ ಮೊತ್ತ ತಲುಪಿ ನೋಡಿ.